ಬಿಸಿಯಾದ ಮೇಲೆ ಸದ್ದು ನಿಂತರೂ ಗ್ಯಾಸ್ಕೆಟ್ ಬದಲಿಸಬೇಕೇ?

ಹಳೆಯ ಮೋಟಾರ್‌ಹೋಮ್ (ಮಲಗುವ ಸೌಕರ್ಯವೂ ಇರುವ ಮನೆಯಂಥ ಗಾಡಿ) ಇಟ್ಟುಕೊಂಡವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬರುತ್ತದೆ, ಸ್ವಲ್ಪ ದೂರ ಓಡಿಸಿದರೆ ತಾನಾಗಿಯೇ ನಿಲ್ಲುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆ ಎನ್ನುತ್ತಾರೆ. ಬೋಲ್ಟುಗಳನ್ನು ಇನ್ನಷ್ಟು ಬಿಗಿ ಮಾಡಿದರೆ ಸಾಲದೇ?’ ಸಾಲದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದರೆ ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಸಾಗಿಸುವ, ಹೆಚ್ಚಾಗಿ ಎರಕದ ಕಬ್ಬಿಣದ ಕೊಳವೆ; ಗ್ಯಾಸ್ಕೆಟ್ ಎಂದರೆ ಅದು ಎಂಜಿನ್ನಿಗೆ ಸೇರುವಲ್ಲಿ ಸಂದು ಮುಚ್ಚುವ ತೆಳು ಹಾಳೆ. ಎಷ್ಟೋ ಸಲ ಗ್ಯಾಸ್ಕೆಟ್ ಬದಲಿಸಿದರೂ ಸಾಲದು, ಏಕೆಂದರೆ ಅದು ತನ್ನಷ್ಟಕ್ಕೆ ಕೆಡುವುದು ಅಪರೂಪ. ಅದನ್ನು ಕೆಡಿಸಿದ್ದು ಮುರಿದ ಬೋಲ್ಟೋ ಸೊಟ್ಟಗಾದ ಮ್ಯಾನಿಫೋಲ್ಡೋ ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ಎರಕದ ಕಬ್ಬಿಣವು ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದಾಗ ಮೀಟರಿಗೆ ಸುಮಾರು 1 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಭಾರವಾದ ಗಾಡಿ ಏರು ಹತ್ತುವಾಗ ಮ್ಯಾನಿಫೋಲ್ಡ್ 500 ಡಿಗ್ರಿಗೂ ಮೇಲೆ ಕಾಯಬಹುದು, ಆದರೆ ಅದನ್ನು ಕೂರಿಸಿರುವ ಸಿಲಿಂಡರ್ ಹೆಡ್ಡನ್ನು (ಎಂಜಿನ್ನಿನ ಮೇಲ್ಭಾಗ) ಅದರೊಳಗೆ ಹರಿದು ತಂಪು ಮಾಡುವ ದ್ರವವಾದ ಕೂಲೆಂಟ್ ಅಷ್ಟು ಕಾಯಲು ಬಿಡುವುದಿಲ್ಲ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡಿನಲ್ಲಿ ಈ ವ್ಯತ್ಯಾಸವು 2 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ, ಅದರ ಎಳೆತವೆಲ್ಲ ಎರಡು ತುದಿಗಳ ಬೋಲ್ಟುಗಳ ಮೇಲೆ ಬೀಳುತ್ತದೆ. ಹೀಗೆ ವರ್ಷಗಟ್ಟಲೆ ಹಿಗ್ಗಿ ಕುಗ್ಗಿದ ಮೇಲೆ ತುದಿಯ ಬೋಲ್ಟಿನ ತಲೆ ಒಂದು ದಿನ ಹಾರಿಹೋಗುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆಯೇ ಹೊರತು ಸೋರಿಕೆ ವಾಸಿಯಾಗಿರುವುದಿಲ್ಲ.

ಮೋಟಾರ್‌ಹೋಮ್ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಗಾಡಿಗಳಲ್ಲಿ ಅನೇಕವುಗಳ ಎಂಜಿನ್ ಇರುವುದು ಚಾಲಕನ ಪಕ್ಕದ ಮುಚ್ಚಳದ ಕೆಳಗೆ, ಅಂದರೆ ಬಹುಮಟ್ಟಿಗೆ ಮನೆಯೊಳಗೇ. ಆ ಮುಚ್ಚಳದ ರಬ್ಬರ್ ಪಟ್ಟಿ ಒಣಗಿ ಬಿರುಕು ಬಿಟ್ಟಿದ್ದರೆ ಸೋರಿದ ಹೊಗೆ ಒಳಗೆ ಬರುತ್ತದೆ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಪ್ರಯಾಣದಲ್ಲಿ ತಲೆನೋವು, ವಾಕರಿಕೆ, ಮಂಪರು ಕಾಣಿಸಿಕೊಂಡರೆ ಅದನ್ನು ದಣಿವೆಂದು ತಳ್ಳಿಹಾಕದೆ, ಗಾಡಿ ನಿಲ್ಲಿಸಿ ಎಲ್ಲರೂ ಹೊರಗಿನ ಗಾಳಿಗೆ ಬರಬೇಕು.

ಸೋರುವ ಜಾಗ ಪತ್ತೆ ಮಾಡುವುದು ಕಷ್ಟವಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಮತ್ತು ಹೆಡ್ ಸೇರುವ ಗೆರೆಯನ್ನು ನೋಡಿದರೆ, ಸೋರುವ ಕಡೆ ಬೀಸಣಿಗೆಯ ಆಕಾರದಲ್ಲಿ ಹರಡಿದ ಮಸಿ ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಅದು ಕೈಗೆ ಹತ್ತುತ್ತದೆ. ಅದರ ಪಕ್ಕದಲ್ಲೇ ಬೋಲ್ಟಿನ ತಲೆ ಇರಬೇಕಾದಲ್ಲಿ ಬರೀ ತೂತು ಕಂಡರೆ ಕಾರಣವೂ ಸಿಕ್ಕಂತೆಯೇ.

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಬೋಲ್ಟುಗಳನ್ನು ಬಿಚ್ಚುವ ಹಂತ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಮೂರು ದಿನ ಮೊದಲಿನಿಂದಲೇ ಹಾಕುತ್ತ ಬರಬೇಕು. ಅಂದು ಬ್ಯಾಟರಿ ತಂತಿ ಕಳಚಿ, ಆರು ಮೂಲೆಯ ಸಾಕೆಟ್ಟಿನಿಂದ ಬೋಲ್ಟನ್ನು ಕಾಲು ಸುತ್ತು ಬಿಚ್ಚಿ, ಮತ್ತೆ ತುಸು ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಪುನಃ ಬಿಚ್ಚಬೇಕು. ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಬಲ ಹಾಕಿ ತಿರುಗಿಸಿದರೆ ಅದೂ ಮುರಿಯುತ್ತದೆ. ಬಿಗಿ ಮಾಡಿದರೆ ಸಾಲದೇ ಎಂದು ಕೇಳುವವರಿಗೆ ನಾನು ಬೇಡ ಎನ್ನುವುದೂ ಇದಕ್ಕಾಗಿಯೇ. ಮುರಿದ ತುಂಡು ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸುವುದು ಒಳ್ಳೆಯ ದಾರಿ, ಆ ಕಾವಿಗೇ ತುಕ್ಕು ಸಡಿಲವಾಗುತ್ತದೆ. ತುಂಡು ಒಳಗೇ ಮುರಿದಿದ್ದರೆ, ಅಭ್ಯಾಸವಿಲ್ಲದವರು ಡ್ರಿಲ್ ಹಿಡಿಯದೆ ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು, ಏಕೆಂದರೆ ಡ್ರಿಲ್ ಓರೆಯಾದರೆ ಹೆಡ್ಡೇ ಹಾಳಾಗುತ್ತದೆ.

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆದು ಹೊಸದನ್ನು ಹಾಕಿ ಮುಗಿಸಿದ್ದೆ. ಕೆಲವೇ ತಿಂಗಳಲ್ಲಿ ಅದೇ ಕೊನೆಯ ಪೋರ್ಟಿನಲ್ಲಿ (ಹೊಗೆ ಹೊರಬರುವ ದ್ವಾರ) ಅದೇ ಮಸಿ ಕಾಣಿಸಿಕೊಂಡಿತು. ಎರಡನೆಯ ಸಲ ಬಿಚ್ಚಿ, ಮ್ಯಾನಿಫೋಲ್ಡಿನ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿಯಿಟ್ಟು ನೋಡಿದಾಗ ತುದಿಯಲ್ಲಿ ಬೆಳಕು ತೂರಿ ಬರುತ್ತಿತ್ತು. ಆ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಅಳೆದು, ತಯಾರಕರ ಕೈಪಿಡಿಯ ಮಿತಿಯನ್ನು ಮೀರಿದ್ದರೆ ಮಷಿನ್ ಶಾಪಿನಲ್ಲಿ ಮುಖವನ್ನು ಸಮತಟ್ಟು ಮಾಡಿಸಬೇಕು, ಬಿರುಕಿದ್ದರೆ ಮ್ಯಾನಿಫೋಲ್ಡನ್ನೇ ಬದಲಿಸಬೇಕು. ಅಂದು ನಾನು ಅಳೆಯಲು ಹತ್ತು ನಿಮಿಷ ಕೊಟ್ಟಿದ್ದರೆ ಎರಡನೆಯ ಸಲ ಬಿಚ್ಚುವ ಕೆಲಸವೇ ಇರುತ್ತಿರಲಿಲ್ಲ.

ಜೋಡಿಸುವಾಗ ಹಳೆಯ ಬೋಲ್ಟುಗಳನ್ನು ಮತ್ತೆ ಬಳಸಬೇಡಿ. ಎಷ್ಟು ಬಿಗಿಯಾಯಿತೆಂದು ತಿಳಿಸುವ ಟಾರ್ಕ್ ವ್ರೆಂಚಿನಿಂದ ನಡುವಿನ ಬೋಲ್ಟಿನಿಂದ ಆರಂಭಿಸಿ ತುದಿಗಳ ಕಡೆಗೆ, ಎರಡು ಮೂರು ಹಂತಗಳಲ್ಲಿ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ಸೈಲೆನ್ಸರ್ ಪೈಪಿನ ಆಧಾರಗಳನ್ನೂ ನೋಡಿ. ಜೋತುಬಿದ್ದ ಪೈಪಿನ ಭಾರವೆಲ್ಲ ಹೊಸ ಗ್ಯಾಸ್ಕೆಟ್ಟಿನ ಮೇಲೆಯೇ ಬೀಳುತ್ತದೆ. ಮೊದಲ ಸಲ ಎಂಜಿನ್ ಕಾದಾಗ ನಾವೇ ಹಾಕಿದ ಎಣ್ಣೆ ಸುಟ್ಟು ತುಸು ಹೊಗೆ ಬರುವುದು ಸಹಜ, ಆದ್ದರಿಂದ ಗಾಡಿಯನ್ನು ಬಯಲಿನಲ್ಲೇ ಶುರು ಮಾಡಿ. ಎಂಜಿನ್ ಮುಚ್ಚಳಕ್ಕೆ ಹೊಸ ರಬ್ಬರ್ ಪಟ್ಟಿ ಹಾಕಿ, ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇದೆಯೇ, ಅದರ ಅವಧಿ ಮುಗಿದಿದೆಯೇ ಎಂದು ಅದೇ ದಿನ ನೋಡಿ. ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮತ್ತೆ ಶುರು ಮಾಡಿ, ಮೊದಲ ಒಂದು ನಿಮಿಷ ಕಿವಿಗೊಟ್ಟು ಕೇಳಿ.