"ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೇ" ಅಂದರೆ ಡಾಕ್ಟರ್ ಹತ್ತಿರ ಹೋಗಿ

ಮುಟ್ಟು 7 ದಿನ ದಾಟಿದರೂ ನಿಲ್ಲುತ್ತಿಲ್ಲ, ಗಂಟೆ ಎರಡು ಗಂಟೆಗೆಲ್ಲ ಪ್ಯಾಡ್ ತುಂಬಿ ಹೋಗುತ್ತದೆ, ರಕ್ತದ ದೊಡ್ಡ ಗಡ್ಡೆಗಳು ಬೀಳುತ್ತವೆ ಅಂತಾದರೆ ಅದು ಸುಮ್ನೆ ಸಹಿಸಿಕೊಳ್ಳುವ ವಿಷಯ ಅಲ್ಲ. ಹೈಸ್ಕೂಲಿನಲ್ಲಿದ್ದಾಗ ನನಗೆ ಇದನ್ನು ಹೇಳುವವರು ಇರಲಿಲ್ಲ.

ನಮ್ಮದು ಉಡುಪಿ ಹತ್ತಿರದ ಹಳ್ಳಿ. ಆ ದಿನಗಳಲ್ಲಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ಕೂರುತ್ತಿರಲಿಲ್ಲ, ಏಳುವಾಗ ಕಲೆ ಕಂಡರೆ ಅಂತ ಹೆದರಿಕೆ. ರಾತ್ರಿ ಹಳೇ ಬೆಡ್‌ಶೀಟ್ ಮಡಚಿ ಹಾಕಿಕೊಂಡು ಮಲಗಿದರೂ ಬೆಳಿಗ್ಗೆ ಹಾಸಿಗೆ ಒದ್ದೆ, ಮಳೆಗಾಲದಲ್ಲಿ ತೊಳೆದದ್ದು ಒಣಗುವುದೂ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಅಜ್ಜಿ ಕಷಾಯ ಮಾಡಿ ಕೊಟ್ಟು, "ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೇ ಮಗಾ, ಮದುವೆಯಾದ ಮೇಲೆ ಸರಿಯಾಗ್ತದೆ" ಅನ್ನುತ್ತಿದ್ದರು.

ಮೊದಲು ತೋರಿಸಿದ ಡಾಕ್ಟರ್ ಐರನ್ ಮಾತ್ರೆ ಕೊಟ್ಟು, ಶುರುವಿನಲ್ಲಿ ಹೀಗೇ ಇರ್ತದೆ ಅಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಮೊದಲ ಎರಡು ಮೂರು ವರ್ಷ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ, ಗರ್ಭಕೋಶದ ಒಳಪದರ ದಪ್ಪ ಬೆಳೆದು ಜಾಸ್ತಿ ರಕ್ತ ಹೋಗುತ್ತದೆ, ಎಷ್ಟೋ ಜನರಿಗೆ ತಾನಾಗಿಯೇ ಸರಿಯಾಗುತ್ತದೆ. ಆದರೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಇಳಿದರೇ ರಕ್ತಹೀನತೆ, ನನ್ನದು 7 ಇತ್ತು.

ಆಮೇಲೆ ಸಿಕ್ಕ ಲೇಡಿ ಡಾಕ್ಟರ್ ಬೇರೆ ಪ್ರಶ್ನೆ ಕೇಳಿದರು. "ಮೂಗಿನಲ್ಲಿ ರಕ್ತ ಬರ್ತದಾ? ಹಲ್ಲು ಕೀಳಿಸಿದಾಗ ನಿಲ್ಲಲಿಕ್ಕೆ ಜಾಸ್ತಿ ಹೊತ್ತು ಬೇಕಾಯ್ತಾ? ಅಮ್ಮನಿಗೆ ಹೆರಿಗೆಯಲ್ಲಿ ಹೇಗಿತ್ತು?" ಅಮ್ಮ ಕಷ್ಟಪಟ್ಟು ಬಾಯಿ ಬಿಟ್ಟರು, ನಾನು ಹುಟ್ಟಿದಾಗ ಅವರಿಗೆ ರಕ್ತ ಕೊಡಬೇಕಾಗಿತ್ತಂತೆ. ನನಗೇ ಗೊತ್ತಿರಲಿಲ್ಲ. ಅಜ್ಜಿ ಸಮಾಧಾನಕ್ಕೆ ಹೇಳುತ್ತಿದ್ದ ಮಾತೇ ಡಾಕ್ಟರಿಗೆ ಬೇಕಾಗಿದ್ದ ಸುಳಿವು.

ಅದು ವಂಶದಲ್ಲಿ ಹರಿದು ಬರುವ ಫಾನ್ ವಿಲ್ಲೆಬ್ರಾಂಡ್ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೊಟೀನ್ ಕಮ್ಮಿ ಇರುತ್ತದೆ, ಇಲ್ಲವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಂಡಸರಿಗೂ ಬರುತ್ತದೆ, ಮುಟ್ಟು ಹೆರಿಗೆ ಇರುವುದರಿಂದ ಹೆಂಗಸರಲ್ಲಿ ಹೆಚ್ಚಾಗಿ ಗೊತ್ತಾಗುತ್ತದೆ. 1926ರಲ್ಲಿ ಫಿನ್‌ಲ್ಯಾಂಡಿನ ಡಾಕ್ಟರ್ ಎರಿಕ್ ಫಾನ್ ವಿಲ್ಲೆಬ್ರಾಂಡ್ ಇದರ ಬಗ್ಗೆ ಬರೆದದ್ದು ಆಲಂಡ್ ದ್ವೀಪದ ಒಂದು ಕುಟುಂಬವನ್ನು ನೋಡಿ. ಆ ಮನೆಯ ಹುಡುಗಿ 13ನೇ ವಯಸ್ಸಿನಲ್ಲಿ, ನಾಲ್ಕನೇ ಸಲದ ಮುಟ್ಟಿನಲ್ಲೇ ತೀರಿಕೊಂಡಳು. ಓದಿದಾಗ ತುಂಬಾ ಹೊತ್ತು ಅತ್ತಿದ್ದೇನೆ.

ಜಾಸ್ತಿ ರಕ್ತ ಹೋಗುವವರಿಗೆಲ್ಲ ಇದೇ ಕಾರಣ ಅಲ್ಲ, ಥೈರಾಯ್ಡ್, ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ), ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ತೊಂದರೆಯೂ ಇರಬಹುದು. ಆದರೆ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಫಾನ್ ವಿಲ್ಲೆಬ್ರಾಂಡ್ ಸಿಗುವುದಿಲ್ಲ, ಬೇರೆಯೇ ಟೆಸ್ಟ್ ಮಾಡಿಸಬೇಕು, ಕೆಲವೊಮ್ಮೆ ಎರಡೆರಡು ಸಲ. ಹಾಗಾಗಿ ಮನೆಯವರ ವಿಷಯ ನೀವೇ ಬಾಯಿಬಿಟ್ಟು ಹೇಳಿ. ದಿನಕ್ಕೆ ಎಷ್ಟು ಪ್ಯಾಡ್, ಎಷ್ಟು ದಿನ ಅಂತ ಬರೆದುಕೊಂಡು ಹೋಗಿ. "ಜಾಸ್ತಿ ಹೋಗ್ತದೆ" ಅಂದರೆ ಎಷ್ಟೋ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ.

ಮದುವೆಯಾಗದ ಹುಡುಗಿಯನ್ನು ಒಳಗಿಂದ ಪರೀಕ್ಷೆ ಮಾಡುತ್ತಾರೆ ಅಂತ ಅಮ್ಮನಿಗೆ ದೊಡ್ಡ ಭಯ ಇತ್ತು. ನನಗೆ ನೀರು ಕುಡಿಸಿ ಹೊಟ್ಟೆ ಮೇಲಿಂದ ಸ್ಕ್ಯಾನ್ ಮಾಡಿದರು, ಅಷ್ಟೇ. ಈಗ ಮುಟ್ಟಿನ ದಿನಗಳಲ್ಲಿ ರಕ್ತ ಹೋಗುವುದನ್ನು ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ತಗೊಳ್ಳುತ್ತೇನೆ, ಕೆಲವರಿಗೆ ಹಾರ್ಮೋನ್ ಮಾತ್ರೆ ಕೊಡುತ್ತಾರೆ. ಡಾಕ್ಟರನ್ನು ಕೇಳದೆ ನೋವಿಗೆ ಆಸ್ಪಿರಿನ್ ನುಂಗಬೇಡಿ, ರಕ್ತ ಇನ್ನೂ ಜಾಸ್ತಿ ಹೋಗಬಹುದು.

ಮಂಗಳೂರಿನವರಿಗೆ ಲೇಡಿ ಗೋಷನ್ ಇದೆ, ಹೆಂಗಸರ ಸರಕಾರಿ ಆಸ್ಪತ್ರೆ. ತಲೆ ತಿರುಗಿ ಬೀಳುವ ಹಾಗಾದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಹೋಗಿ.