ತ್ರೀ-ಲೆಗಿಡ್ ಅಂದವಳು ಸರಿಯಾಗಿಯೇ ಅಂದಿದ್ದಳು

ಕೊಪ್ಪಳದ ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮೊನ್ನೆ ಆಟೋಟದ ದಿನ ಮೈಕು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೈಲಿತ್ತು. ಮೈದಾನದಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ನಿಂತಿದ್ದರು, ಒಬ್ಬರ ಎಡಗಾಲು ಇನ್ನೊಬ್ಬರ ಬಲಗಾಲು ಸೇರಿಸಿ ದುಪಟ್ಟಾದಲ್ಲಿ ಬಿಗಿಯಾಗಿ ಕಟ್ಟಿದ್ದೆವು. 'ಈಗ ತ್ರೀ-ಲೆಗಿಡ್ ರೇಸ್' ಅಂದಳು. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಮೈಕಿನಲ್ಲೇ ತಿದ್ದಿದರು: 'ಲೆಗಿಡ್ ಅಲ್ಲವಾ, ಲೆಗ್ಡ್ ಅನಬೇಕು. ಬೆಗ್ಡ್, ಹಗ್ಡ್ ಅಂತೀವಲ್ಲ, ಹಂಗ.' ಎಲ್ಲರೂ ನಕ್ಕರು. ಅವಳು ಮೈಕು ಪಕ್ಕದವಳಿಗೆ ಕೊಟ್ಟು ಹಿಂದೆ ಹೋಗಿ ಕೂತುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಮಿರ್ಚಿ ಮಂಡಕ್ಕಿ ತಿನ್ನುವಾಗ ಅವಳನ್ನು ಕರೆದು ಡಿಕ್ಷನರಿ ತೆಗೆದೆ. ಲೆಗ್ಡ್ ಅನ್ನುವವರೂ ಇದ್ದಾರೆ, ಆದರೆ ಲೆಗಿಡ್ ಅನ್ನುವುದೂ ಅಲ್ಲಿತ್ತು. 'ಹಂಗಾರ ನಂದು ತಪ್ಪಲ್ಲೇನ್ರೀ ಸರ?' ಅಂದಳು. ಕಣ್ಣು ಇನ್ನೂ ಕೆಂಪಗಿತ್ತು.

ಹಿರಿಯರು ಹೇಳಿದ ನಿಯಮ ಸುಳ್ಳಲ್ಲ. ಪದದ ಕೊನೆಯ 'ಇಡಿ' (ed) ಸಾಮಾನ್ಯವಾಗಿ ಟ, ಡ ಸದ್ದಿನ ನಂತರ ಮಾತ್ರ ಬೇರೆಯಾಗಿ ಕೇಳುತ್ತದೆ, ಶಾರ್ಟ್-ಸೈಟೆಡ್‌ನಲ್ಲಿ ಕೇಳುವ ಹಾಗೆ. ಉಳಿದ ಕಡೆ ಹಿಂದಿನ ಸದ್ದಿಗೆ ಅಂಟಿಕೊಳ್ಳುತ್ತದೆ. ಆದರೆ ನೇಕೆಡ್, ವಿಕೆಡ್, ಕ್ರುಕೆಡ್ ಥರದ ಕೆಲವು ಗುಣವಾಚಕಗಳು ಆ ನಿಯಮಕ್ಕೆ ಸಿಗುವುದಿಲ್ಲ, ಲೆಗಿಡ್ ಕೂಡ ಅದೇ ಸಾಲಿನದು.

ಇದನ್ನು ಕಾಗುಣಿತ ನೋಡಿ ಹೇಳಲಾಗದು, ಕಿವಿ ಬೇಕು. ಆ ಕಿವಿ ನಮ್ಮ ಮಕ್ಕಳಿಗೆ ಇದೆ, ಪ್ರಸ್ತಾರ ಹಾಕಿ ಹಾಕಿ ಬಂದಿದೆ. 'ಕಲ್ಲು' ಅಂತ ಬರೆಯುವಾಗ ಕ, ಲ್ಲು. ಬಾಯಲ್ಲಿ ಮಾತ್ರ ಕಲ್, ಲು. ಅದಕ್ಕೇ ಅಲ್ವಾ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು? ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ಎಣಿಸುವ ಹುಡುಗಿಗೆ ಇಂಗ್ಲಿಷ್ ಪದ ಒಡೆಯುವುದು ಏನೂ ಕಷ್ಟವಲ್ಲ.

ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಓಲ್ಡ್-ಫ್ಯಾಷನ್ಡ್ ಅನ್ನು, ಗದ್ದ ಎಷ್ಟು ಸಲ ಅಲುಗುತ್ತದೋ ಪದದಲ್ಲಿ ಅಷ್ಟು ತುಂಡು ಅಂದೆ. ಮೊದಲ ಸಲ 'ಓಲ್ಡು ಫ್ಯಾಷನೆಡ್' ಅಂದಳು, ಗದ್ದ ಐದು ಸಲ ಅಲುಗಿತು. ಬಸ್ಸು, ಕಾರು ಅನ್ನುವವರು ನಾವು, ಕೊನೆಗೊಂದು ಉಕಾರ ತಾನಾಗಿ ಬಂದುಬಿಡುತ್ತದೆ. ನಿಧಾನಕ್ಕೆ ಮತ್ತೆ ಅಂದಳು: ಓಲ್ಡ್, ಫ್ಯಾ, ಷನ್ಡ್. ಮೂರೇ. ಬೆರಳು ಮಡಚಿ ತೋರಿಸಿದಳು. ಒತ್ತಿನ ವಿಷಯವನ್ನೂ, ಅಂದರೆ ಯಾವ ತುಂಡನ್ನು ಜೋರಾಗಿ ಹೇಳಬೇಕು ಅನ್ನುವುದನ್ನೂ ಹೇಳಿದೆ: ಈ ಪದ ಒಂಟಿಯಾಗಿ ನಿಂತಾಗ ಜಾಸ್ತಿ ಒತ್ತು ಫ್ಯಾ ಮೇಲೆ, ಮುಂದೆ ವಾಚ್ ಅಂತಲೋ ಮನೆ ಅಂತಲೋ ನಾಮಪದ ಬಂದರೆ ಒತ್ತು ಓಲ್ಡ್ ಮೇಲೆ ಸರಿಯುತ್ತದೆ.

ಆಮೇಲೆ ಅವಳೇ ಕೇಳಿದಳು: 'ಮುದುಕರಿಗೆ ಏಜಿಡ್ ಅಂತಾರಲ್ರೀ, ಮತ್ತ ಮಿಡಲ್ ಜೊತಿಗೆ ಬಂದ್ರ ಏಜ್ಡ್ ಯಾಕ್ರೀ?' ಅವಳ ಕಿವಿ ಎಷ್ಟು ಚುರುಕು ನೋಡಿ. ಎರಡೂ ಹಾಗೆಯೇ ಹೇಳುವುದು.

ಮುಂದಿನ ವರ್ಷವೂ ಮೈಕು ಅವಳಿಗೇ ಕೊಡಬೇಕು ಅಂತ ಪಿಟಿ ಮಾಸ್ತರರಿಗೆ ಈಗಲೇ ಹೇಳಿದ್ದೇನೆ.