ಆಲೆಮನೆ ಗಾಣಕ್ಕೆ ಹೊಸ ಶಾಫ್ಟು: ಕೆಲಸ ಎಲ್ಲಿಗೆ ಬಂತು

ಬಿಚ್ಚಿ ಅಳೆದದ್ದು

ಪಾಂಡವಪುರದ ಹತ್ತಿರ ಸೋದರಮಾವನ ಆಲೆಮನೆ. ಮೂರು ರೋಲರಿನ ಗಾಣ, 15 ಎಚ್‌ಪಿ ಮೋಟಾರು. ಮೋಟಾರಿನ 6 ಇಂಚು ಪುಲ್ಲಿಯಿಂದ ಫ್ಲಾಟ್ ಬೆಲ್ಟು ಬಂದು 36 ಇಂಚಿನ ದೊಡ್ಡ ಪುಲ್ಲಿ ತಿರುಗಿಸುತ್ತದೆ. ಆ ಪುಲ್ಲಿ ಕೂತಿರುವುದು ಎರಡು ಬುಷ್‌ಗಳ (ಶಾಫ್ಟು ಒಳಗೆ ತಿರುಗುವ ಲೋಹದ ಕೊಳವೆ) ಮೇಲೆ ನಿಂತ 65 ಎಂಎಂ ಶಾಫ್ಟಿನ ಹೊರತುದಿಯಲ್ಲಿ. ಬುಷ್‌ಗಳ ನಡುವೆ ಪಿನಿಯನ್ ಅನ್ನುವ ಚಿಕ್ಕ ಹಲ್ಲುಚಕ್ರ, ಅದು ಕಚ್ಚುವುದು ರೋಲರಿನ ಕಡೆಯ ಗೇರು ಸಾಲಿಗೆ. ಈ ನಡುವಿನ ಶಾಫ್ಟೇ ಈಗ ನನ್ನ ಶನಿವಾರ, ಭಾನುವಾರಗಳನ್ನು ತಿನ್ನುತ್ತಿರುವುದು.

ಗಾಣ ಕಟಕಟ ಅನ್ನತೊಡಗಿದಾಗ ಮಾವ ಹೇಳಿದ್ದು, "ಬುಷ್ ಸವ್ದಿರ್ಬೇಕು ಕಣ್ಲಾ, ಒಂದ್ ಜೊತೆ ಹೊಸವು ಹಾಕ್ ಬುಡು." ಬಿಚ್ಚಿ ಮೈಕ್ರೋಮೀಟರ್ ಹಿಡಿದರೆ ಗನ್‌ಮೆಟಲ್ ಬುಷ್‌ಗಿಂತ ಉಕ್ಕಿನ ಶಾಫ್ಟೇ ಜಾಸ್ತಿ ಸವೆದಿತ್ತು. ಪುಲ್ಲಿ ಕಡೆ 65 ಇರಬೇಕಾದಲ್ಲಿ 62.6. ಮೆತ್ತಗಿನ ಲೋಹ ಉಳಿದು ಗಟ್ಟಿಯದು ಸವೆಯುವುದು ವಿಚಿತ್ರವಾಗಿ ಕಂಡರೂ ಕಾರಣ ಸರಳ. ಗದ್ದೆಯಿಂದ ಬರುವ ಕಬ್ಬಿನ ಜೊತೆ ಮರಳು, ಮಣ್ಣು ಬರುತ್ತದೆ. ಕಬ್ಬಿನ ಹಾಲು ಸಿಡಿದು ಗ್ರೀಸಿಗೆ ಸೇರಿದಾಗ ಆ ಮರಳೂ ಸೇರುತ್ತದೆ. ಮರಳಿನ ಕಣ ಮೆತ್ತಗಿನ ಬುಷ್‌ನೊಳಗೆ ಹೂತು ಅಲ್ಲೇ ನಿಲ್ಲುತ್ತದೆ. ಆಮೇಲೆ ಬುಷ್ಷೇ ಸಾಣೆಕಲ್ಲಾಗಿ ಶಾಫ್ಟನ್ನು ಉಜ್ಜುತ್ತಾ ಕೂರುತ್ತದೆ. ಹಾಲಿನ ಹುಳಿ ಬೇರೆ, ಗ್ರೀಸ್ ತೊಳೆದುಹೋದ ಕಡೆಯೆಲ್ಲ ತುಕ್ಕು.

ಗಾತ್ರ 65ರಿಂದ 62.6ಕ್ಕೆ ಇಳಿದರೆ ಏನು ಮಹಾ ಅನ್ನಿಸಬಹುದು. ಆದರೆ ಶಾಫ್ಟಿನ ಬಲ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಶೇ. 10ಕ್ಕಿಂತ ಹೆಚ್ಚು ಹೋಯಿತು.

ಬಿರುಕು

ಮಂಡ್ಯದ ಲೇತ್ ಅಂಗಡಿಯ ಟರ್ನರ್ ಸಲಹೆ ಕೊಟ್ಟದ್ದು ವೆಲ್ಡಿಂಗ್ ತುಂಬಿಸಿ ಮತ್ತೆ 65ಕ್ಕೆ ಹೊಡೆಯೋಣ ಅಂತ. ಈ ಶಾಫ್ಟಿಗೆ ಹಿಂದೆ ಯಾರೋ ಹಾಗೇ ಮಾಡಿದ್ದ ಗುರುತು ಇತ್ತು. ಹಾಗಾಗಿ ಬಿರುಕು ಇದೆಯೇ ನೋಡಲು ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸ್ಪ್ರೇ ಮಾಡಿದೆ. ಹಳೆ ವೆಲ್ಡಿಂಗಿನ ಅಂಚಿನಲ್ಲೇ ಸುತ್ತಳತೆಯ ಕಾಲು ಭಾಗಕ್ಕೆ ಕೆಂಪು ಗೆರೆ ಮೂಡಿತು. ಶೇ. 0.4ರಷ್ಟು ಕಾರ್ಬನ್ ಇರುವ ಇಎನ್-8 ಥರದ ಉಕ್ಕನ್ನು ಮೊದಲು ಬಿಸಿ ಮಾಡದೆ ವೆಲ್ಡ್ ಮಾಡಿದರೆ ಪಕ್ಕದ ಲೋಹ ಬೇಗ ತಣ್ಣಗಾಗಿ ಗಾಜಿನ ಸ್ವಭಾವ ಬರುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ತಿರುಗುವ, ಭಾರ ಹೊರುವ ಶಾಫ್ಟಿಗೆ ವೆಲ್ಡಿಂಗ್ ತುಂಬಿಸುವುದಕ್ಕೆ ನಾನಂತೂ ಒಪ್ಪುವುದಿಲ್ಲ. ಟರ್ನರಿಗೂ ಗೆರೆ ತೋರಿಸಿದೆ. "ಇದು ಬ್ಯಾಡ ಬುಡಿ ಸಾ" ಅಂದರು, ಅಲ್ಲಿಗೆ ಮುಗಿಯಿತು.

ಲೆಕ್ಕ

ಹೊಸದು ಹಾಕುವ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕಿತ್ತು: ಪುಲ್ಲಿ ಕಡೆಯೇ ಇಷ್ಟು ಸವೆದದ್ದು ಯಾಕೆ? 1440 ಸುತ್ತಿನ ಮೋಟಾರು, ಆರಕ್ಕೆ ಒಂದು ಇಳಿತ, ಶಾಫ್ಟು ನಿಮಿಷಕ್ಕೆ 240 ಸುತ್ತು. 15 ಎಚ್‌ಪಿಗೆ ತಿರುಚುವ ಬಲ ಸುಮಾರು 45 ಕೆಜಿ-ಮೀಟರ್. 65 ಎಂಎಂ ಉಕ್ಕಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಬೆಲ್ಟಿನ ಎರಡೂ ಎಳೆ ಸೇರಿ ಪುಲ್ಲಿಯನ್ನು ಪಕ್ಕಕ್ಕೆ ಜಗ್ಗುವುದು ಕಡಿಮೆ ಅಂದರೂ 230 ಕೆಜಿ. ಪುಲ್ಲಿಯ ನಡುಮಧ್ಯ ಬುಷ್‌ನಿಂದ 260 ಎಂಎಂ ಆಚೆ ನೇತಾಡುತ್ತಿತ್ತು. ಗುಣಿಸಿದರೆ ಬಗ್ಗಿಸುವ ಬಲ 60 ಕೆಜಿ-ಮೀಟರ್, ತಿರುಚುವುದಕ್ಕಿಂತ ಜಾಸ್ತಿ. ಅದೂ ಒಂದೊಂದು ಸುತ್ತಿಗೂ ಶಾಫ್ಟಿನ ಮೈ ಒಮ್ಮೆ ಎಳೆಸಿಕೊಂಡು ಒಮ್ಮೆ ಒತ್ತಿಸಿಕೊಂಡು ಬರುತ್ತದೆ. ಗಂಟೆಗೆ 14,400 ಸಲ. ಇದರ ಮೇಲೆ, ಬೆಲ್ಟು ಜಾರುತ್ತದೆ ಅಂತ ಆಳುಗಳು ಮೋಟಾರನ್ನು ಹಿಂದಕ್ಕೆ ಸರಿಸಿ ಸರಿಸಿ ತಂತಿ ಬಿಗಿದ ಹಾಗೆ ಬಿಗಿದಿದ್ದರು.

ಹಾಗಾಗಿ ಶಾಫ್ಟಿನ ದಪ್ಪ ಮುಟ್ಟಲಿಲ್ಲ. ಪುಲ್ಲಿಯನ್ನೇ ಒಳಕ್ಕೆ, 170 ಎಂಎಂಗೆ ತಂದೆ. ಅಷ್ಟರಿಂದಲೇ ಬಗ್ಗಿಸುವ ಬಲದಲ್ಲಿ ಮೂರನೇ ಒಂದು ಭಾಗ ಕಮ್ಮಿ. ಮೋಟಾರಿನ ಬೆಡ್ಡನ್ನೂ ಅಷ್ಟೇ ಸರಿಸಬೇಕಾಯಿತು, ಗಾರೆ ಕೆಲಸ ಹೆಚ್ಚಾಯಿತು, ಮಾವ ಗೊಣಗಿದರು. ಪುಲ್ಲಿಯ ಸೀಳಿನಲ್ಲಿ ಕಚ್ಚಿ ಕೂರುವ ವಿ-ಬೆಲ್ಟ್ ಹಾಕೋಣ ಅಂದದ್ದಕ್ಕೆ ಮಾತ್ರ ಅವರು ಜಗ್ಗಲಿಲ್ಲ: "ಕಬ್ಬಿನ್ ಜೊತೆ ಕುಡ್ಲು ಗಿಡ್ಲು ಬಿತ್ತು ಅಂದ್ರೆ ಪಟ್ಟೆ ಬೆಲ್ಟಾದ್ರೆ ಜಾರ್ತದೆ. ನಿಂದು ಗೇರ್ ಹಲ್ಲನ್ನೇ ಮುರಿತದೆ." ಅವರು ಹೇಳಿದ್ದೇ ಸರಿ. ಫ್ಲಾಟ್ ಬೆಲ್ಟೇ ಉಳಿಯಿತು.

ಉಕ್ಕು, ಲೇತು

ಹೊಸ ಶಾಫ್ಟಿಗೆ ಇಎನ್-24 ಉಕ್ಕು ತಗೊಳ್ಳಿ ಅಂದವರು ಹಲವರು. ನಿಕ್ಕಲ್, ಕ್ರೋಮಿಯಂ ಇರುವ ಒಳ್ಳೆ ಉಕ್ಕು, ನಿಜ. ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಆಗಿದ್ದರೆ ಮಾತ್ರ ಕೊಟ್ಟ ದುಡ್ಡಿಗೆ ಬೆಲೆ. ಬಗ್ಗಿಸುವ ಬಲ ಇಳಿದ ಮೇಲೆ ಇಎನ್-8 ಸಾಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ 70 ಎಂಎಂ ಸರಳು ತಂದೆ, ಮೀಟರಿಗೆ 30 ಕೆಜಿ ತೂಗುತ್ತದೆ. ಮಂಡ್ಯದ ಮೈಷುಗರ್ ಥರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರೋಲರಿಗೆ ಹಾಕುವುದು ಫೋರ್ಜ್ ಮಾಡಿದ ಉಕ್ಕಿನ ಶಾಫ್ಟು, ಮೇಲೆ ಬಿಸಿ ಮಾಡಿ ಕೂರಿಸಿದ ಬೀಡು ಕಬ್ಬಿಣದ ಕವಚ. ನಮ್ಮ ಗಾಣಕ್ಕೆ ಅಂಥ ವೈಭೋಗ ಬೇಡ.

ಬುಷ್ ತೆಗೆದು ಎಸ್‌ಎನ್ 515 ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಎರಕದ ಗೂಡು), ಒಳಗೆ 22215ಕೆ ರೋಲರ್ ಬೇರಿಂಗ್, ಅದಕ್ಕೂ ಶಾಫ್ಟಿಗೂ ನಡುವೆ ಎಚ್ 315 ಸ್ಲೀವ್ ಅನ್ನುವ ಸೀಳು ಕೊಳವೆ ಹಾಕಲು ಹೊರಟೆ. ಸ್ಲೀವ್ ಶಾಫ್ಟನ್ನು ಹಿಡಿದುಕೊಳ್ಳುವುದರಿಂದ ಬೇರಿಂಗ್ ಜಾಗದಲ್ಲಿ ಮೆಟ್ಟಿಲು ಕಡಿಯಬೇಕಿಲ್ಲ, ಉದ್ದಕ್ಕೂ ಒಂದೇ 65. ಮೆಟ್ಟಿಲಿಲ್ಲದಿದ್ದರೆ ಬಿರುಕು ಹುಟ್ಟುವ ಒಂದು ಮೂಲೆ ಕಮ್ಮಿ. ಉಳಿದದ್ದು ಕೀ ಗಾಡಿ, ಅಂದರೆ ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀ ತುಂಡು ಕೂರುವ ಸೀಳು: 65ಕ್ಕೆ 18x11 ಕೀ, ಶಾಫ್ಟಿನಲ್ಲಿ 7 ಎಂಎಂ ಆಳ, ತಳದ ಮೂಲೆಯಲ್ಲಿ 0.25ರಿಂದ 0.4 ಎಂಎಂ ರೇಡಿಯಸ್ ಬಿಡಬೇಕು. ಈ ರೇಡಿಯಸ್ ವಿಷಯದಲ್ಲಿ ಟರ್ನರ್ ಜೊತೆ ಜಗಳವೇ ಆಯಿತು ಅನ್ನಬಹುದು. ಚೂಪು ಮೂಲೆ ನೋಡಲು ಚೆಂದ, ಶಾಫ್ಟಿಗೆ ಅದೇ ಶತ್ರು. ಕೊನೆಗೆ ಕಟರಿನ ಮೂಲೆ ಸ್ವಲ್ಪ ಉಜ್ಜಿ ಹೊಡೆದುಕೊಟ್ಟರು.

ಕೂರಿಸಿದ್ದು

ಚೈನ್ ಬ್ಲಾಕಿನಲ್ಲಿ ಎತ್ತಿ ಕೂರಿಸಿದೆವು. ಪಿನಿಯನ್ ಕಡೆಯ ಬೇರಿಂಗಿಗೆ ಎರಡೂ ಬದಿ ರಿಂಗ್ ಕೊಟ್ಟು ಬಂಧಿಸಿದೆ, ಪುಲ್ಲಿ ಕಡೆಯದನ್ನು ಜರುಗಲು ಬಿಟ್ಟೆ. ಬಿಸಿಯಾದಾಗ ಶಾಫ್ಟು ಉದ್ದವಾಗುವುದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೇ, ಆದರೆ ಎರಡೂ ಕಡೆ ಕಟ್ಟಿದರೆ ಅಷ್ಟೇ ಬೇರಿಂಗನ್ನು ಕೊಲ್ಲುತ್ತದೆ. ಸ್ಲೀವ್ ನಟ್ಟು ಬಿಗಿಯುವಾಗ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜು, ಬೇರಿಂಗಿನ ರೋಲರಿನ ಮೇಲೆ ತೂರಿಸಿ, ಸಡಿಲ ಎಷ್ಟು ಇಳಿಯಬೇಕೆಂದು ಕಂಪನಿ ಪಟ್ಟಿ ನೋಡಿಕೊಂಡೇ ಬಿಗಿದೆ. ಸುತ್ತಿಗೆ ಏಟಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಗೇರು ಹಲ್ಲುಗಳ ನಡುವೆ ಸೀಸದ ತಂತಿ ಹಾಕಿ ತಿರುಗಿಸಿದಾಗ ಒಂದು ಅಂಚಿನಲ್ಲಿ ಚಪ್ಪಟೆ, ಇನ್ನೊಂದು ಅಂಚಿನಲ್ಲಿ ದಪ್ಪ, ಅಂದರೆ ಶಾಫ್ಟು ಓರೆ. ಬ್ಲಾಕಿನ ಕೆಳಗೆ ಹಿತ್ತಾಳೆ ಹಾಳೆ ಸೇರಿಸುತ್ತಾ ಹೋಗಿ, ಹಲ್ಲು ಎಲ್ಲಿ ತಾಗುತ್ತದೆಂದು ನೀಲಿ ಬಣ್ಣ ಹಚ್ಚಿ ನೋಡಿದರೆ ಗುರುತು ಹಲ್ಲಿನ ಅಗಲಕ್ಕೆಲ್ಲ ಬಂತು. ಬ್ಲಾಕುಗಳ ಮೇಲೆ ತಗಡಿನ ಮುಚ್ಚಳ ಇಳಿಜಾರಾಗಿ ಕಟ್ಟಿದ್ದೇನೆ, ಹಾಲು ಸಿಡಿದರೂ ಆಚೆ ಹರಿದುಹೋಗಲಿ ಅಂತ.

ಈಗಿನ ಸ್ಥಿತಿ

ಖಾಲಿ ಓಡಿಸಿದೆವು. ಮೊದಲು ಗ್ರೀಸ್ ಕಡೆದುಕೊಂಡು ಬ್ಲಾಕ್ ಬೆಚ್ಚಗಾಯಿತು, ಆಮೇಲೆ ತಣಿದು ಒಂದೇ ಬಿಸಿಗೆ ನಿಂತಿತು, ಅಂಗೈ ಇಟ್ಟರೆ ತಡೆಯುವಷ್ಟು. ಕಬ್ಬು ಕಡಿಯುವ ಆಳು ಸಿಕ್ಕಿದ ದಿನ ಭಾರ ಕೊಟ್ಟು ನೋಡುವುದಿದೆ. ಅದಾದ ಮೇಲೆ ಸ್ಲೀವ್ ನಟ್ಟು, ಬುಡದ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಕೈ ಬಟ್ಟೆ ಸಿಕ್ಕದಂತೆ ಪುಲ್ಲಿಗೆ ಹಾಕುವ ಜಾಲರಿ ಇನ್ನೂ ಆಗಿಲ್ಲ. ಅದು ಬರುವ ತನಕ ಕಬ್ಬು ಹಾಕಿಸುವುದಿಲ್ಲ ಅಂತ ಮಾವನಿಗೆ ಹೇಳಿದ್ದೇನೆ.